ಕರೆಂಟ್ ಬಿಲ್ ಯಾರ ಹೆಸರಲ್ಲಿದೆ, ಮೊದಲು ಅದನ್ನು ನೋಡಿ

2023ರ ಚಳಿಗಾಲದಲ್ಲಿ, ಇಲ್ಲಿ ಬ್ರಿಟನ್‌ನಲ್ಲಿ, ವಾರ್ಮ್ ಹೋಮ್ ಡಿಸ್ಕೌಂಟ್ ಅನ್ನುವ ಕರೆಂಟ್ ಬಿಲ್ ರಿಯಾಯಿತಿಯಲ್ಲಿ ನಮ್ಮ ಅತ್ತೆ ಮಾವನಿಗೆ ಸಿಗಬೇಕಾಗಿದ್ದ 150 ಪೌಂಡ್ ಕೈತಪ್ಪಿತು. ಅರ್ಹತೆ ಇರಲಿಲ್ಲ ಅಂತಲ್ಲ. ಪೆನ್ಷನ್ ಕ್ರೆಡಿಟ್ (ಆದಾಯ ಕಡಿಮೆ ಇರುವ ಹಿರಿಯರಿಗೆ ಸರಕಾರ ಕೊಡುವ ನೆರವು) ಬರುತ್ತಿತ್ತು, ಇಬ್ಬರಿಗೂ ಎಪ್ಪತ್ತು ದಾಟಿತ್ತು, ನಮ್ಮ ಮನೆಯಿಂದ ಎರಡು ಬೀದಿ ಆಚೆ ಚಿಕ್ಕ ಬಾಡಿಗೆ ಫ್ಲಾಟ್‌ನಲ್ಲಿ ಇಬ್ಬರೇ ಇದ್ದರು. ಎಡವಿದ್ದು ಒಂದೇ ಕಡೆ: ಕರೆಂಟ್ ಬಿಲ್ ನಮ್ಮ ಮನೆಯವರ ಹೆಸರಲ್ಲಿತ್ತು. "ಅಪ್ಪನಿಗೆ ಫೋನಲ್ಲಿ ಇಂಗ್ಲಿಷ್ ಮಾತಾಡೋದು ಕಷ್ಟ, ನನ್ನ ಹೆಸರಲ್ಲೇ ಇರ್ಲಿ ಬಿಡು" ಅಂತ ಫ್ಲಾಟ್ ಹಿಡಿದ ದಿನವೇ ಹಾಗೆ ಮಾಡಿಸಿದ್ದರು. ಮಗ ಅಕ್ಕರೆಯಿಂದ ಮಾಡಿದ ಕೆಲಸ. ಅದೇ ಅಡ್ಡ ಬಂತು.

ಫೆಬ್ರುವರಿಯಲ್ಲಿ ನಾನು ಕರೆಂಟ್ ಕಂಪನಿಗೆ ಫೋನ್ ಮಾಡಿದೆ. ಆ ಹುಡುಗಿ ಮೂರು ಸಲ ಅದೇ ಮಾತು ಹೇಳಿದಳು: ಬಿಲ್‌ನಲ್ಲಿ ಅವರ ಹೆಸರಿಲ್ಲ, ಏನೂ ಮಾಡೋಕಾಗಲ್ಲ. ಆಫೀಸಿನಲ್ಲಿ ನಾನು ಇಪ್ಪತ್ತು ವರ್ಷದಿಂದ ಜನರ ಸಂಬಳದ ಲೆಕ್ಕ ಹಾಕುವವಳು. ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ ಅಂತ ಗೊತ್ತಿದ್ದವಳು. ಮನೆಯದ್ದೇ ಕಣ್ಣಿಗೆ ಬಿದ್ದಿರಲಿಲ್ಲ. ಆ ಸಿಟ್ಟಿಗೆ ಶನಿವಾರ ಬೆಳಿಗ್ಗೆ ಬೇರೆ ಹಿರಿಯರ ಕಾಗದಗಳನ್ನೂ ನೋಡಿಕೊಡಲು ಶುರು ಮಾಡಿದೆ. ಈಗ ಲಂಡನ್ ಪಕ್ಕದ ಸ್ಲೌನ ನಮ್ಮ ಅಡುಗೆಮನೆ ಟೇಬಲ್ಲೇ ಒಂದು ಸಣ್ಣ ಆಫೀಸು.

ಕೆಳಗೆ ಹೇಳಿರುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿರುವವರಿಗೆ. ಲೆಕ್ಕಗಳು 2025–26ರ ಚಳಿಗಾಲದವು.

ಎಲ್ಲಕ್ಕಿಂತ ಮೊದಲು ವೀಸಾ. ನಿಮ್ಮ ಈ-ವೀಸಾದಲ್ಲಿ "ನೋ ಪಬ್ಲಿಕ್ ಫಂಡ್ಸ್" (ಸರಕಾರದ ನೆರವು ಪಡೆಯುವ ಹಾಗಿಲ್ಲ) ಅಂತ ಇದ್ದರೆ ಪೆನ್ಷನ್ ಕ್ರೆಡಿಟ್, ಯೂನಿವರ್ಸಲ್ ಕ್ರೆಡಿಟ್ (ದುಡಿಯುವ ವಯಸ್ಸಿನವರಿಗೆ ಕೊಡುವ ನೆರವು), ಹೌಸಿಂಗ್ ಬೆನಿಫಿಟ್ (ಬಾಡಿಗೆಗೆ ನೆರವು) ಇವಕ್ಕೆ ಕೈ ಹಾಕಬೇಡಿ. ಸ್ಕಿಲ್ಡ್ ವರ್ಕರ್ ವೀಸಾ, ಅವರ ಡಿಪೆಂಡೆಂಟ್‌ಗಳು, ಓದಲು ಬಂದವರು ಎಲ್ಲರೂ ಇದರಲ್ಲಿ ಬರುತ್ತಾರೆ. ಇನ್ನೂರು ಪೌಂಡ್ ಆಸೆಗೆ ವೀಸಾ ಷರತ್ತು ಮುರಿಯುವುದು ಯಾರಿಗೆ ಬೇಕು? ಐಎಲ್‌ಆರ್ (ಇಲ್ಲೇ ಕಾಯಂ ಇರುವ ಅನುಮತಿ) ಅಥವಾ ಬ್ರಿಟಿಷ್ ಪೌರತ್ವ ಸಿಕ್ಕ ಮೇಲೆ ಸಾಮಾನ್ಯವಾಗಿ ಈ ತಡೆ ಇರುವುದಿಲ್ಲ. ಆದರೆ ಒಂದು ಗುಂಡಿ ಇದೆ. ಅಪ್ಪ ಅಮ್ಮನನ್ನು ಕರೆಸುವಾಗ "ಇವರ ಖರ್ಚು ನನ್ನದು" ಅಂತ ನೀವು ಮುಚ್ಚಳಿಕೆ ಬರೆದುಕೊಟ್ಟಿದ್ದರೆ, ಅವರ ಕೈಯಲ್ಲಿ ಐಎಲ್‌ಆರ್ ಇದ್ದರೂ ಐದು ವರ್ಷ ಇಂಥ ನೆರವು ಕೇಳುವ ಹಾಗಿಲ್ಲ. ಆ ಕಾಗದ ಸಹಿ ಮಾಡಿದ್ದು ನೆನಪೇ ಇಲ್ಲದ ಇಬ್ಬರು ನನ್ನ ಟೇಬಲ್ಲಿಗೆ ಬಂದಿದ್ದರು. ಹಳೇ ಫೈಲ್ ತೆಗೆದು ನೋಡಿ.

ಇನ್ನು ಬಿಲ್ಲಿನ ವಿಷಯ. ವಾರ್ಮ್ ಹೋಮ್ ಡಿಸ್ಕೌಂಟ್ 2011ರಿಂದ ಇರುವ ಯೋಜನೆ. ಕರೆಂಟ್ ಬಿಲ್‌ನಲ್ಲಿ ವರ್ಷಕ್ಕೊಮ್ಮೆ 150 ಪೌಂಡ್ ಕಡಿತ. ಕೈಗೆ ಹಣ ಬರುವುದಿಲ್ಲ, ಖಾತೆಯಲ್ಲಿ ಜಮಾ ಆಗುತ್ತದೆ. ಒಂದೇ ಕಂಪನಿಯಿಂದ ಗ್ಯಾಸೂ ಕರೆಂಟೂ ತೆಗೆದುಕೊಳ್ಳುತ್ತಿದ್ದರೆ ಗ್ಯಾಸ್ ಬಿಲ್‌ಗೇ ಹಾಕಿ ಅಂತಲೂ ಕೇಳಬಹುದು. ಮೊದಲು ಹಲವರಿಗೆ ಬೆನಿಫಿಟ್ ಇದ್ದರೂ ಸಾಲದು, ಮನೆ ಬಿಸಿ ಮಾಡಲು ಜಾಸ್ತಿ ಖರ್ಚಾಗುವಂಥದ್ದೂ ಆಗಿರಬೇಕು ಅಂತ ಇನ್ನೊಂದು ಷರತ್ತಿತ್ತು. 2025–26ರ ಚಳಿಗಾಲದಿಂದ ಅದು ಹೋಯಿತು. ಆ ಚಳಿಗಾಲಕ್ಕೆ ಪೆನ್ಷನ್ ಕ್ರೆಡಿಟ್, ಯೂನಿವರ್ಸಲ್ ಕ್ರೆಡಿಟ್, ಹೌಸಿಂಗ್ ಬೆನಿಫಿಟ್, ಇನ್‌ಕಂ ಸಪೋರ್ಟ್, ಆದಾಯ ನೋಡಿ ಕೊಡುವ ಇಎಸ್‌ಎ (ಕಾಯಿಲೆಯಿಂದ ದುಡಿಯಲಾಗದವರ ನೆರವು) ಅಥವಾ ಜೆಎಸ್‌ಎ (ಕೆಲಸ ಹುಡುಕುವವರ ನೆರವು), ಇವುಗಳಲ್ಲಿ ಒಂದು ಬರುತ್ತಿದ್ದರೆ ಸಾಕು. ಜೊತೆಗೆ ಕರೆಂಟ್ ಖಾತೆ ನಿಮ್ಮ ಹೆಸರಲ್ಲೋ ನಿಮ್ಮ ಗಂಡ ಅಥವಾ ಹೆಂಡತಿ ಹೆಸರಲ್ಲೋ ಇರಬೇಕು. ಕಂಪನಿಯೂ ಯೋಜನೆಯಲ್ಲಿ ಸೇರಿರಬೇಕು. ದೊಡ್ಡ ಕಂಪನಿಗಳೆಲ್ಲ ಸೇರಿವೆ.

ಇದಕ್ಕೆ ಅರ್ಜಿ ಅಂತ ಇಲ್ಲ. ಸರಕಾರ ಆಗಸ್ಟ್‌ನಲ್ಲಿ ಒಂದು ದಿನ ಗೊತ್ತುಮಾಡಿ, ಆ ದಿನ ಬೆನಿಫಿಟ್ ಪಟ್ಟಿಯಲ್ಲಿರುವ ಹೆಸರನ್ನೂ ಕರೆಂಟ್ ಖಾತೆಯ ಹೆಸರನ್ನೂ ಹೊಂದಿಸಿ ನೋಡುತ್ತದೆ. 2025ರಲ್ಲಿ ಆ ದಿನ ಆಗಸ್ಟ್ 24. ಗೌರಿ ಹಬ್ಬಕ್ಕೆ ಎರಡು ದಿನ ಮೊದಲು. ನಮ್ಮ ಅತ್ತೆ ಹಾಗೇ ನೆನಪಿಟ್ಟುಕೊಂಡಿದ್ದಾರೆ, "ಬಾಗಿನಕ್ಕೆ ಮುಂಚೆ ಬಿಲ್ ನೋಡ್ಬೇಕು" ಅಂತ. ಹಬ್ಬ ವರ್ಷ ವರ್ಷ ಜಾರುತ್ತದಲ್ಲ, ಅದಕ್ಕೆ ನಾನು ನನ್ನ ಕ್ಯಾಲೆಂಡರ್‌ನಲ್ಲಿ ಜುಲೈ 1 ಅಂತ ಬರೆದುಕೊಂಡಿದ್ದೇನೆ. ಹೆಸರು ಬದಲಾಗಲು ಸಮಯ ಹಿಡಿಯಬಹುದು.

ಬದಲಿಸುವುದು ಹೇಗೆ? ಕಂಪನಿಗೆ ಫೋನ್ ಮಾಡಿ, ಖಾತೆಯನ್ನು ಮನೆಯಲ್ಲಿ ನಿಜವಾಗಿ ವಾಸವಿರುವ ಹಿರಿಯರ ಹೆಸರಿಗೆ ಮಾಡಿ ಅಂತ ಹೇಳಬೇಕು. ಆ ದಿನದ ಮೀಟರ್ ರೀಡಿಂಗ್ ಕೈಯಲ್ಲಿರಲಿ. ಹಳೇ ಖಾತೆ ಮುಚ್ಚಿ ಹೊಸದು ತೆರೆಯುತ್ತಾರೆ. ಮಗನ ಬ್ಯಾಂಕಿನಿಂದಲೇ ಹಣ ಹೋಗಬೇಕು ಅಂದರೆ ಡೈರೆಕ್ಟ್ ಡೆಬಿಟ್ ಹಾಗೇ ಇಟ್ಟುಕೊಳ್ಳಬಹುದೇ ಅಂತ ಕೇಳಿ. ಹಣ ಕಟ್ಟುವವರು ಬೇರೆ, ಖಾತೆದಾರ ಬೇರೆ. ಇದು ನಮಗೆ ತಲೆಗೆ ಹೋಗುವಷ್ಟರಲ್ಲಿ ಒಂದು ಚಳಿಗಾಲ ಹೋಗಿತ್ತು. ಸ್ಪೆಲಿಂಗ್ ಕೂಡ ನೋಡಿ. ನಮ್ಮ ಹೆಸರುಗಳ ಕಥೆ ಗೊತ್ತೇ ಇದೆ. ಪಾಸ್‌ಪೋರ್ಟ್‌ನಲ್ಲಿ ಊರ ಹೆಸರು ಮೊದಲು, ಪೆನ್ಷನ್ ಕಾಗದದಲ್ಲಿ ಅಪ್ಪನ ಹೆಸರು ಕೊನೆಗೆ, ಕರೆಂಟ್ ಬಿಲ್‌ನಲ್ಲಿ ಬರೀ ಇನಿಷಿಯಲ್. ಎರಡು ಕಡೆಯೂ ಒಂದೇ ಥರ ಮಾಡಿಸಿ.

ಹೆಸರು ಹೊಂದಿದರೆ ಅಕ್ಟೋಬರ್ ಮೇಲೆ ಮನೆಗೆ ಒಂದು ಪತ್ರ ಬರುತ್ತದೆ. ಕೆಲವರಿಗೆ "ಈ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿ" ಅಂತ ಇರುತ್ತದೆ, ಅದರಲ್ಲಿ ಕೊನೇ ದಿನವೂ ಇರುತ್ತದೆ. ಆ ಪತ್ರವನ್ನು ಜಾಹೀರಾತು ಅಂತ ಬಿಸಾಡಬೇಡಿ. ಮಾರ್ಚ್ ಕೊನೆಯೊಳಗೆ ಹಣ ಬಿಲ್‌ಗೆ ಬೀಳಬೇಕು. ಪ್ರಿಪೇಮೆಂಟ್ ಮೀಟರ್ ಇರುವವರಿಗೂ ಇದು ಉಂಟು, ಟಾಪ್‌ಅಪ್ ವೋಚರ್ ರೂಪದಲ್ಲಿ ಬರಬಹುದು.

150 ಪೌಂಡ್ ಅಂದರೆ ಎಷ್ಟು ಬಿಸಿ? ಅತ್ತೆಯ ಹತ್ತಿರ 2 ಕಿಲೋವ್ಯಾಟ್‌ನ ಫ್ಯಾನ್ ಹೀಟರ್ ಇದೆ. ದಿನಕ್ಕೆ ಐದು ಗಂಟೆ ಹಾಕಿದರೆ 10 ಯೂನಿಟ್. 2025ರ ಅಕ್ಟೋಬರ್–ಡಿಸೆಂಬರ್ ದರ ಯೂನಿಟ್‌ಗೆ ಸುಮಾರು 26 ಪೆನ್ಸ್, ಅಂದರೆ ದಿನಕ್ಕೆ ಎರಡೂವರೆ ಪೌಂಡ್ ಮೇಲೆ. ಎಂಟು ವಾರ ಆ ಹೀಟರ್ ಓಡುತ್ತದೆ. ಅದೇ ಹೊತ್ತಿಗೆ ಗ್ಯಾಸ್ ಯೂನಿಟ್‌ಗೆ 6 ಪೆನ್ಸ್ ಚಿಲ್ಲರೆ ಇತ್ತು. ರೇಡಿಯೇಟರ್ ಇದ್ದೂ ಫ್ಯಾನ್ ಹೀಟರ್ ಹಾಕುತ್ತಾರಲ್ಲ ಅಂತ ನನಗೆ ಹೊಟ್ಟೆಯುರಿ. "ಕಾಲಿಗೆ ತಕ್ಷಣ ಬಿಸಿ ತಾಗುತ್ತೆ ಕಣೇ" ಅನ್ನುತ್ತಾರೆ. ವಾದ ಮಾಡಿ ಗೆದ್ದಿಲ್ಲ.

ಈಗ ಪೆನ್ಷನ್ ಕ್ರೆಡಿಟ್. ಹಿರಿಯರ ಮಟ್ಟಿಗೆ ಉಳಿದ ಬಾಗಿಲುಗಳೆಲ್ಲ ಇದರ ಬೀಗದ ಕೈಯಿಂದ ತೆರೆಯುತ್ತವೆ. ಸ್ಟೇಟ್ ಪೆನ್ಷನ್ ವಯಸ್ಸು ದಾಟಿದವರ ಆದಾಯ ತೀರಾ ಕಡಿಮೆ ಇದ್ದರೆ ಸರಕಾರ ಒಂದು ಮಟ್ಟಕ್ಕೆ ತುಂಬಿಕೊಡುತ್ತದೆ. 2025–26ರಲ್ಲಿ ಆ ಮಟ್ಟ ಒಬ್ಬರೇ ಇದ್ದರೆ ವಾರಕ್ಕೆ 227.10 ಪೌಂಡ್, ಗಂಡ ಹೆಂಡತಿಗೆ ಸೇರಿ 346.60. ಮಾವ ಇಲ್ಲಿಗೆ ಬಂದ ಮೇಲೆ ಹನ್ನೆರಡು ವರ್ಷ ಮಾತ್ರ ಕೆಲಸ ಮಾಡಿದ್ದು, ಸ್ಟೇಟ್ ಪೆನ್ಷನ್ ಪೂರ್ತಿ ಇಲ್ಲ. ಅತ್ತೆಗೆ ಏನೂ ಇಲ್ಲ. ಮಾವ ಊರಲ್ಲಿ ಮೇಷ್ಟ್ರಾಗಿದ್ದರು, ಆ ಪೆನ್ಷನ್ ಸ್ವಲ್ಪ ಬರುತ್ತದೆ. ಎರಡೂ ಸೇರಿ ವಾರಕ್ಕೆ 140 ಪೌಂಡ್ ಅಂತ ಇಟ್ಟುಕೊಳ್ಳಿ, 346.60ಕ್ಕೆ ಕಡಿಮೆ ಬಿದ್ದ 206.60 ಪೆನ್ಷನ್ ಕ್ರೆಡಿಟ್ ಆಗಿ ಬರುತ್ತದೆ. ಇಬ್ಬರೂ ಪೆನ್ಷನ್ ವಯಸ್ಸು ದಾಟಿರಬೇಕು. 2026ರ ಏಪ್ರಿಲ್ ತನಕ ಅದು 66, ಅಲ್ಲಿಂದ ನಿಧಾನವಾಗಿ 67ಕ್ಕೆ ಏರುತ್ತದೆ. ಹೆಂಡತಿ ಚಿಕ್ಕವರಾಗಿದ್ದರೆ ಯೂನಿವರ್ಸಲ್ ಕ್ರೆಡಿಟ್ ಕಡೆ ನೋಡಬೇಕು.

ನಮ್ಮ ಜನ ಇದಕ್ಕೆ ಅರ್ಜಿ ಹಾಕದೇ ಇರುವುದಕ್ಕೆ ಒಂದು ತಪ್ಪು ತಿಳಿವಳಿಕೆ ಕಾರಣ. "ಮಗನ ಮನೇಲಿದೀವಿ, ಮಗ ಐಟಿಲಿದಾನೆ, ನಮಗ್ಯಾರು ಕೊಡ್ತಾರೆ?" ಪಕ್ಕದ ಬೀದಿಯ ಆಂಟಿಗೆ 82 ವರ್ಷ. ಅವರದೂ ಇದೇ ಮಾತು. 2024ರಲ್ಲಿ ಸರಕಾರ ಹಿರಿಯರಿಗೆ ಮನೆ ಬಿಸಿ ಮಾಡಲು ಕೊಡುವ ವಿಂಟರ್ ಫ್ಯುಯೆಲ್ ಹಣವನ್ನು ಪೆನ್ಷನ್ ಕ್ರೆಡಿಟ್‌ನಂಥ ನೆರವು ಇರುವವರಿಗೆ ಮಾತ್ರ ಅಂತ ಮಾಡಿತಲ್ಲ, ಆಗ ಅವರ 300 ಪೌಂಡ್ ನಿಂತುಹೋಗುವುದರಲ್ಲಿತ್ತು. ಅಳುಮುಖ ಮಾಡಿಕೊಂಡು ಬಂದರು. ನಾನು ಕೇಳಿದ್ದು ಅವರ ಆದಾಯ ಮಾತ್ರ. ಮಗನ ಸಂಬಳ ಲೆಕ್ಕಕ್ಕೇ ಬರುವುದಿಲ್ಲ. ಅರ್ಜಿದಾರರು ಮತ್ತು ಅವರ ಗಂಡ ಅಥವಾ ಹೆಂಡತಿ, ಇಷ್ಟೇ ಲೆಕ್ಕ. ಆಂಟಿಯ ಸ್ಟೇಟ್ ಪೆನ್ಷನ್ ವಾರಕ್ಕೆ 110 ಪೌಂಡ್. ನವೆಂಬರ್‌ನಲ್ಲಿ ಅರ್ಜಿ ಹಾಕಿದೆವು, ಪೆನ್ಷನ್ ಕ್ರೆಡಿಟ್ಟೂ ಬಂತು, ಆ 300 ಪೌಂಡೂ ಬಂತು. 75 ದಾಟಿದ್ದರಿಂದ ಟಿವಿ ಲೈಸೆನ್ಸೂ ಉಚಿತವಾಗಬಹುದಿತ್ತು. ವಾರ್ಮ್ ಹೋಮ್ ಡಿಸ್ಕೌಂಟ್ ಮಾತ್ರ ಸಿಗಲಿಲ್ಲ, ಮನೆಯೂ ಬಿಲ್ಲೂ ಮಗನದು. ಅದನ್ನು ತಿರುಚಲು ನಾನು ಹೋಗಲಿಲ್ಲ, ನೀವೂ ಹೋಗಬೇಡಿ.

ಉಳಿತಾಯ ಇದ್ದರೆ ಸಿಗಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಮೊದಲ 10,000 ಪೌಂಡ್ ಲೆಕ್ಕಕ್ಕಿಲ್ಲ. ಅದರ ಮೇಲೆ ಪ್ರತಿ 500ಕ್ಕೆ ವಾರಕ್ಕೆ 1 ಪೌಂಡ್ ಆದಾಯ ಅಂತ ಹಿಡಿಯುತ್ತಾರೆ. 16,000 ಇದ್ದರೆ ವಾರಕ್ಕೆ 12 ಪೌಂಡ್ ಅಷ್ಟೇ. ವಾಸವಿರುವ ಸ್ವಂತ ಮನೆ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಊರಲ್ಲಿರುವ ಸೈಟು ಬರುತ್ತದೆ. ಇಲ್ಲಿ ಎಲ್ಲರೂ ದನಿ ಇಳಿಸುತ್ತಾರೆ. ಊರಿನ ಎರಡನೇ ಮನೆ, ಸೈಟು, ಅಲ್ಲಿನ ಎಫ್‌ಡಿ, ಅಲ್ಲಿಂದ ಬರುವ ಪೆನ್ಷನ್, ಬಾಡಿಗೆ, ಎಲ್ಲ ಹೇಳಲೇಬೇಕು. "ಅವರಿಗೇನು ಗೊತ್ತಾಗುತ್ತೆ" ಅನ್ನುವವರಿಗೆ ಒಂದು ಮಾತು: ಎರಡು ದೇಶಗಳ ತೆರಿಗೆ ಇಲಾಖೆಗಳು ಬ್ಯಾಂಕ್ ಖಾತೆಗಳ ಮಾಹಿತಿ ಹಂಚಿಕೊಳ್ಳುತ್ತವೆ. ಮುಚ್ಚಿಟ್ಟು ಪಡೆದ ಹಣ ಎಲ್ಲ ವಾಪಸ್ ಕಟ್ಟಬೇಕಾಗುತ್ತದೆ, ಜೊತೆಗೆ ದಂಡ. ಅಣ್ಣತಮ್ಮಂದಿರ ಜೊತೆ ಪಾಲಾಗದ ಜಮೀನು ಇದ್ದರೆ ಹಾಗೇ ವಿವರಿಸಿ ಹೇಳಿ, ಲೆಕ್ಕ ಹಾಕುವುದು ಅವರ ಕೆಲಸ.

ಅರ್ಜಿಗೆ ಗವ್ ಡಾಟ್ ಯುಕೆ ಜಾಲತಾಣ ಇದೆ, ಕಾಗದದ ಫಾರಂ ಇದೆ. ನನಗೆ ಇಷ್ಟ ಫೋನು: 0800 99 1234, ಕರೆ ಉಚಿತ. ನೀವೇ ಮಾತಾಡಬಹುದು, ಆದರೆ ಅತ್ತೆಯೋ ಮಾವನೋ ಪಕ್ಕದಲ್ಲಿ ಕೂತಿರಬೇಕು. ಹೆಸರು, ಜನ್ಮದಿನ ಕೇಳಿ "ಇವರು ನಿಮ್ಮ ಪರವಾಗಿ ಮಾತಾಡಬಹುದಾ" ಅಂತ ಅವರಿಂದಲೇ ಹೇಳಿಸುತ್ತಾರೆ. ಮೊದಲೇ ಅಭ್ಯಾಸ ಮಾಡಿಸಿ. ಮಾವ ಮೊದಲ ಸಲ "ಯೆಸ್" ಅನ್ನುವ ಬದಲು ತಲೆಯಾಡಿಸಿದ್ದರು! ಮನೆಯಲ್ಲಿ ಇಂಗ್ಲಿಷ್ ಬರುವವರು ಯಾರೂ ಇಲ್ಲದಿದ್ದರೆ ದುಭಾಷಿ ಬೇಕು ಅಂತ ಕೇಳಬಹುದು. ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಬ್ಯಾಂಕಿನ ಸಾರ್ಟ್ ಕೋಡ್ ಮತ್ತು ಖಾತೆ ನಂಬರ್, ಪೆನ್ಷನ್ ಪತ್ರ, ಉಳಿತಾಯದ ಪಾಸ್‌ಬುಕ್ಕು, ಬಾಡಿಗೆ ಕರಾರು, ಎಲ್ಲ ಟೇಬಲ್ ಮೇಲೆ ಹರಡಿಕೊಂಡೇ ಫೋನ್ ಮಾಡಿ. ಕೊನೆಯಲ್ಲಿ ಇಡುವ ಮುಂಚೆ ಒಂದು ವಾಕ್ಯ ಮರೆಯದೆ ಹೇಳಿ: ಮೂರು ತಿಂಗಳು ಹಿಂದಿನಿಂದ ಲೆಕ್ಕ ಹಾಕಿ. ಅಷ್ಟು ದಿನವೂ ಅರ್ಹತೆ ಇದ್ದರೆ ಹಿಂದಿನ ಹಣವೂ ಬರುತ್ತದೆ. ಅವರು ಕೇಳದೇ ಇದ್ದರೂ ನೀವು ಕೇಳಿ.

ವಿಂಟರ್ ಫ್ಯುಯೆಲ್ ಪೇಮೆಂಟ್ ಈಗ ಮತ್ತೆ ಹೆಚ್ಚುಕಮ್ಮಿ ಎಲ್ಲ ಹಿರಿಯರಿಗೂ ಇದೆ. 2025–26ರ ಚಳಿಗಾಲಕ್ಕೆ 1959ರ ಸೆಪ್ಟೆಂಬರ್ 22ಕ್ಕಿಂತ ಮೊದಲು ಹುಟ್ಟಿದವರಿಗೆ. 80ರ ಒಳಗಿನವರ ಮನೆಗೆ 200 ಪೌಂಡ್, 80 ದಾಟಿದವರಿದ್ದರೆ 300. ಪೆನ್ಷನ್ ಕ್ರೆಡಿಟ್‌ನಂಥ ನೆರವು ಇಲ್ಲದ ಇಬ್ಬರು ಅರ್ಹರಿದ್ದರೆ ಹಂಚಿಕೆಯಾಗಿ ಬರುತ್ತದೆ, ಅದಕ್ಕೇ ಒಬ್ಬರ ಖಾತೆಗೆ ನೂರೇ ಬಂತು ಅಂತ ಗಾಬರಿ ಬೇಡ. ಒಬ್ಬರ ವಾರ್ಷಿಕ ಆದಾಯ 35,000 ಪೌಂಡ್ ಮೀರಿದರೆ ತೆರಿಗೆ ಇಲಾಖೆ ಎಚ್‌ಎಂಆರ್‌ಸಿ ತೆರಿಗೆಯಲ್ಲಿ ವಾಪಸ್ ಹಿಡಿದುಕೊಳ್ಳುತ್ತದೆ. ಈ ಮಿತಿ ಒಬ್ಬೊಬ್ಬರಿಗೂ ಬೇರೆ ಬೇರೆ, ಮನೆಯದ್ದೆಲ್ಲ ಕೂಡಿಸುವುದಿಲ್ಲ.

ಸ್ಟೇಟ್ ಪೆನ್ಷನ್ ಬರುತ್ತಿದ್ದರೆ ಇದು ತಾನಾಗೇ ನವೆಂಬರ್ ಡಿಸೆಂಬರ್‌ನಲ್ಲಿ ಖಾತೆಗೆ ಬೀಳುತ್ತದೆ. ತೊಂದರೆ ಸ್ಟೇಟ್ ಪೆನ್ಷನ್ನೇ ಇಲ್ಲದವರಿಗೆ. ಹೊಸ ಸ್ಟೇಟ್ ಪೆನ್ಷನ್ ಸಿಗಲು ಕಡಿಮೆ ಅಂದರೂ ಹತ್ತು ವರ್ಷ ನ್ಯಾಷನಲ್ ಇನ್ಶೂರೆನ್ಸ್ (ದುಡಿಯುವಾಗ ಸಂಬಳದಿಂದ ಸರಕಾರಕ್ಕೆ ಹೋಗುವ ವಂತಿಗೆ) ಲೆಕ್ಕದಲ್ಲಿರಬೇಕು. ವಯಸ್ಸಾದ ಮೇಲೆ ಬಂದ ಎಷ್ಟೋ ಜನ ಅಮ್ಮಂದಿರಿಗೆ ಒಂದು ವರ್ಷವೂ ಇಲ್ಲ. ಪೆನ್ಷನ್ನೂ ಇಲ್ಲ, ಬೇರೆ ಬೆನಿಫಿಟ್ಟೂ ಇಲ್ಲ ಅಂದರೆ ಸರಕಾರದ ಪಟ್ಟಿಯಲ್ಲಿ ಅವರು ಇರುವುದೇ ಇಲ್ಲ. ಅಂಥವರು ಮೊದಲ ಸಲ ಅರ್ಜಿ ಹಾಕಬೇಕು, ಫೋನ್‌ನಲ್ಲಿ ಅಥವಾ ಅಂಚೆಯಲ್ಲಿ. 2025–26ರ ಚಳಿಗಾಲದ್ದಕ್ಕೆ ಕೊನೇ ದಿನ 2026ರ ಮಾರ್ಚ್ 31.

ಕೋಲ್ಡ್ ವೆದರ್ ಪೇಮೆಂಟ್ ಚಿಕ್ಕದು. ನವೆಂಬರ್ 1ರಿಂದ ಮಾರ್ಚ್ 31ರ ಒಳಗೆ ನಿಮ್ಮ ಕಡೆ ಏಳು ದಿನ ಒಂದೇ ಸಮನೆ ಸರಾಸರಿ ಉಷ್ಣತೆ ಸೊನ್ನೆ ಅಥವಾ ಅದಕ್ಕಿಂತ ಕೆಳಗಿದ್ದರೆ 25 ಪೌಂಡ್. ಪೆನ್ಷನ್ ಕ್ರೆಡಿಟ್ ಇದ್ದರೆ ಕೇಳದೇ ಬರುತ್ತದೆ. ಚಿಕ್ಕ ಸಂಸಾರದವರು ಒಂದು ಗಮನಿಸಿ: ಕೆಲಸ ಹೋಗಿ ಯೂನಿವರ್ಸಲ್ ಕ್ರೆಡಿಟ್‌ನಲ್ಲಿದ್ದು, ಮನೆಯಲ್ಲಿ ಐದು ವರ್ಷದ ಒಳಗಿನ ಮಗು ಇದ್ದರೆ ನಿಮಗೂ ಸಿಗಬಹುದು. ಮಗು ಹುಟ್ಟಿದ್ದನ್ನು ತಕ್ಷಣ ಯೂನಿವರ್ಸಲ್ ಕ್ರೆಡಿಟ್‌ನ ನಿಮ್ಮ ಆನ್‌ಲೈನ್ ಜರ್ನಲ್‌ನಲ್ಲಿ ಹಾಕಿ.

ಸ್ಕಾಟ್ಲೆಂಡ್‌ನಲ್ಲಿ ಹೆಸರುಗಳೇ ಬೇರೆ. ಹಿರಿಯರಿಗೆ ಪೆನ್ಷನ್ ಏಜ್ ವಿಂಟರ್ ಹೀಟಿಂಗ್ ಪೇಮೆಂಟ್, ಕೋಲ್ಡ್ ವೆದರ್ ಬದಲು ಎಷ್ಟೇ ಚಳಿ ಇರಲಿ ಬಿಡಲಿ ಒಂದೇ ಸಲ ಕೊಡುವ ವಿಂಟರ್ ಹೀಟಿಂಗ್ ಪೇಮೆಂಟ್. ಅಲ್ಲಿ ವಾರ್ಮ್ ಹೋಮ್ ಡಿಸ್ಕೌಂಟ್‌ಗೆ ಹಲವರು ಕಂಪನಿಗೇ ಅರ್ಜಿ ಹಾಕಬೇಕು. ಬೆಲ್‌ಫಾಸ್ಟ್ ಕಡೆ ಇರುವವರಿಗೆ ವಾರ್ಮ್ ಹೋಮ್ ಡಿಸ್ಕೌಂಟ್ ಇಲ್ಲ.

ಬೆನಿಫಿಟ್ ಏನೂ ಸಿಗದವರಿಗೂ ಕಂಪನಿಯಿಂದ ಒಂದಷ್ಟು ಆಗುತ್ತದೆ. ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್ ಅಂತ ಇದೆ, ಉಚಿತ. ವಯಸ್ಸಾದವರು, ಕಾಯಿಲೆಯವರು, ಬಸುರಿಯರು, ಐದರ ಒಳಗಿನ ಮಕ್ಕಳಿರುವವರು ಸೇರಬಹುದು. ಇಂಗ್ಲಿಷ್ ಸರಿಯಾಗಿ ಮಾತಾಡಲು, ಓದಲು ಬರದವರೂ ಸೇರಬಹುದು! ಕರೆಂಟ್ ಹೋಗುವುದಿದ್ದರೆ ಮೊದಲೇ ತಿಳಿಸುತ್ತಾರೆ. ಬಿಲ್ ವಿಷಯ ಮಗನೋ ಮಗಳೋ ಮಾತಾಡುವಂತೆ ಹೆಸರು ಹಾಕಿಸಬಹುದು. ನಮ್ಮ ಮನೆಯವರು ಬಿಲ್ಲನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದು ಇದೊಂದು ಅನುಕೂಲಕ್ಕೆ. ಅದಕ್ಕೆ ಇಷ್ಟು ಸಾಕಿತ್ತು. ಬಿಲ್ ಬಾಕಿ ಬಿದ್ದಿದ್ದರೆ ಕಂಪನಿಗೆ ಹೇಳಿ, ಕಂತು ಮಾಡಿಕೊಡಲೇಬೇಕು. ಹಾರ್ಡ್‌ಶಿಪ್ ಫಂಡ್ ಇದೆಯಾ ಅಂತಲೂ ಕೇಳಿ. ಇಂಗ್ಲೆಂಡ್‌ನ ಕೌನ್ಸಿಲ್‌ಗಳ ಹತ್ತಿರ 2026ರ ಮಾರ್ಚ್ ತನಕ ಹೌಸ್‌ಹೋಲ್ಡ್ ಸಪೋರ್ಟ್ ಫಂಡ್, 2026ರ ಏಪ್ರಿಲ್‌ನಿಂದ ಅದರ ಜಾಗಕ್ಕೆ ಕ್ರೈಸಿಸ್ ಅಂಡ್ ರೆಸಿಲಿಯನ್ಸ್ ಫಂಡ್. ಫಾರಂ ತುಂಬಲು ಯಾರೂ ಇಲ್ಲದಿದ್ದರೆ ಸಿಟಿಜನ್ಸ್ ಅಡ್ವೈಸ್ ಅಥವಾ ಏಜ್ ಯುಕೆ ಅವರು ಹಣ ತೆಗೆದುಕೊಳ್ಳದೆ ಕೂತು ಮಾಡಿಕೊಡುತ್ತಾರೆ.

"ನಿಮ್ಮ ವಿಂಟರ್ ಫ್ಯುಯೆಲ್ ಹಣ ಬಾಕಿ ಇದೆ, ಈ ಲಿಂಕ್ ಒತ್ತಿ" ಅಂತ ಮೊಬೈಲಿಗೆ ಮೆಸೇಜ್ ಬಂದರೆ ಅಳಿಸಿಬಿಡಿ. ಸರಕಾರ ಮೆಸೇಜ್‌ನಲ್ಲಿ ಬ್ಯಾಂಕ್ ವಿವರ ಕೇಳುವುದಿಲ್ಲ. ಆಂಟಿಗೆ ಒಂದೇ ವಾರದಲ್ಲಿ ನಾಲ್ಕು ಬಂದಿದ್ದವು.

ಊರಿಗೆ ಹೋಗುವವರಿಗೆ ಒಂದು ಮಾತು ಉಳಿಯಿತು. ಚಳಿ ತಪ್ಪಿಸಿಕೊಳ್ಳಲು ಡಿಸೆಂಬರ್‌ನಲ್ಲಿ ಹೋಗಿ ಯುಗಾದಿ ಮುಗಿಸಿ ಬರುವ ಹಿರಿಯರು ಬಹಳ. ಪೆನ್ಷನ್ ಕ್ರೆಡಿಟ್ ದೇಶದ ಹೊರಗೆ ಸಾಮಾನ್ಯವಾಗಿ ನಾಲ್ಕೇ ವಾರ ನಡೆಯುತ್ತದೆ. ಹತ್ತಿರದವರು ತೀರಿಕೊಂಡು ಹೋದರೆ ಎಂಟು ವಾರದ ತನಕ ಬಿಡುತ್ತಾರೆ. ಹೊರಡುವ ದಿನ, ಬರುವ ದಿನ ಎರಡನ್ನೂ ಮೊದಲೇ ಫೋನ್ ಮಾಡಿ ತಿಳಿಸಬೇಕು. ಹೆಚ್ಚು ದಿನ ಇರುವುದಾದರೆ ನಿಲ್ಲುತ್ತದೆ, ಬಂದ ಮೇಲೆ ಮತ್ತೆ ಅರ್ಜಿ. ಮಾವ ಈ ಸಲ ಟಿಕೆಟ್ ತೆಗೆಯುವ ಮುಂಚೆ ಕ್ಯಾಲೆಂಡರ್ ಹಿಡಿದು ಕೂತರು. ಜನವರಿ 5ಕ್ಕೆ ಹೋಗಿ 31ಕ್ಕೆ ವಾಪಸ್. ಅತ್ತೆಗೆ ಒಂಚೂರೂ ಸಮಾಧಾನವಿಲ್ಲ, ತಂಗಿ ಮೊಮ್ಮಗಳ ಮದುವೆ ಫೆಬ್ರುವರಿಯಲ್ಲಂತೆ.